ಗಂಡು ಸಾಲಿನ ಹಳದಿ ಹೂವು

ಬೀಜದ ಕಂಪನಿಯೊಂದರಲ್ಲಿ ಫೀಲ್ಡ್‌ಮನ್ ಆಗಿ ಮೂವತ್ತು ಮಳೆಗಾಲ ಹೊಲ ತಿರುಗಿ, ಈಗ ಮೋಟೆಬೆನ್ನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೇನೆ. ಕುಳಿತಿದ್ದೇನೆ ಎನ್ನುವುದು ಮಾತಿಗೆ. ಬೆಳಗಿನ ಐದಕ್ಕೆ ಈಗಲೂ ಎಚ್ಚರವಾಗುತ್ತದೆ, ಕಾಲು ಬೈಕಿನ ಕಿಕ್ಕರ್ ಹುಡುಕುತ್ತದೆ, ನನ್ನ ಹೆಂಡತಿ ಮುಸುಕಿನೊಳಗಿಂದಲೇ ಗದರಿಸುತ್ತಾಳೆ. ಅಣ್ಣನ ಮಗಳು ಸಲ್ಮಾ ಕೃಷಿ ಓದಿ ಇಂಥದೇ ಕೆಲಸಕ್ಕೆ ಸೇರಿದ್ದಾಳೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡಿ ಎಂದು ಅವಳು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಕೇಳಬೇಕೆನ್ನುವವರು ಮನೆಗೆ ಬಂದರೆ ಚಹಾದ ಜೊತೆ ಹೇಳುತ್ತೇನೆ.

ಕೆಲಸ ಏನೆಂದು ಮೊದಲು ಹೇಳಬೇಕು. ರಾಣೆಬೆನ್ನೂರು ಸೀಮೆ ಬೀಜದ ಸೀಮೆ. ಹೈಬ್ರಿಡ್ ಹತ್ತಿಯ ಬೀಜ ಗಿಡದಲ್ಲಿ ತಾನಾಗಿ ಆಗುವುದಿಲ್ಲ, ಮನುಷ್ಯರ ಕೈಯಿಂದ ಆಗಬೇಕು. ಹೊಲದ ತುಂಬ ಹೆಣ್ಣು ಸಾಲು, ಒಂದು ಮಗ್ಗುಲಿಗೆ ಕೆಲವು ಗಂಡು ಸಾಲು. ನಾಳೆ ಅರಳಬೇಕಾದ ಹೆಣ್ಣು ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹೆಬ್ಬೆರಳ ಉಗುರಿನಿಂದ ಸುಲಿದು, ಅದರ ಪರಾಗವನ್ನೆಲ್ಲ ತೆಗೆದು, ಮೇಲೆ ಕೆಂಪು ಕಾಗದದ ಸಣ್ಣ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ಹರಿದು ತಂದು, ಟೊಪ್ಪಿಗೆ ತೆಗೆದು, ಒಂದೊಂದಕ್ಕೂ ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತೇವೆ. ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆಯೊಳಗೆ ಮುಗಿಯಬೇಕು, ಇಲ್ಲದಿದ್ದರೆ ನಿನ್ನೆ ಸುಲಿದ ಮೊಗ್ಗೆಲ್ಲ ಉದುರಿದಂತೆಯೇ. ಎರಡು ತಿಂಗಳು ಒಂದು ದಿನವೂ ಬಿಡುವಂತಿಲ್ಲ. ಹಬ್ಬ, ಜ್ವರ, ಅಮಾವಾಸ್ಯೆ ಯಾವುದೂ ಹತ್ತಿ ಗಿಡಕ್ಕೆ ಗೊತ್ತಿಲ್ಲ.

ನಾನು ಸೇರಿದ ವಾರವೇ ಒಂದು ಪೇಚಾಟವಾಯಿತು. ಶುಕ್ರವಾರದ ನಮಾಜಿಗೆ ಮುಂಚೆ ಉಗುರು ಕತ್ತರಿಸುವುದು ನಮ್ಮಲ್ಲಿ ರೂಢಿ. ಶನಿವಾರ ಹೊಲಕ್ಕೆ ಹೋಗಿ ಮೊಗ್ಗು ಸುಲಿಯುವುದನ್ನು ಹೆಣ್ಣುಮಕ್ಕಳಿಗೆ ತೋರಿಸಲು ಹೋದರೆ ಉಗುರೇ ಇಲ್ಲ, ಮೊಗ್ಗು ಕೈಯಲ್ಲಿ ಜಜ್ಜಿಹೋಯಿತು. ‘ಕಲಿಸಾಕ ಬಂದಾನೋ ಕಲಿಯಾಕ ಬಂದಾನೋ’ ಎಂದು ಅವರೆಲ್ಲ ನಕ್ಕರು. ಆಮೇಲೆ ನಾನೂ ನನ್ನ ತಾಯಿಯೂ ಒಂದು ಒಪ್ಪಂದಕ್ಕೆ ಬಂದೆವು. ಒಂಬತ್ತು ಬೆರಳು ದೇವರಿಗೆ, ಬಲಗೈ ಹೆಬ್ಬೆರಳು ಕಂಪನಿಗೆ. ಹೊಟ್ಟೆಪಾಡಿಗಾಗಿ ಪದ್ಧತಿ ಎಲ್ಲಿ ಬಗ್ಗುತ್ತದೆ, ಎಲ್ಲಿ ಬಗ್ಗುವುದಿಲ್ಲ ಎಂಬುದನ್ನು ಮುಂದೆ ಬೇರೆಯವರ ವಿಷಯದಲ್ಲಿ ನೋಡುವಾಗ ನನಗೆ ಈ ಉಗುರು ನೆನಪಾಗಬೇಕಿತ್ತು. ಆಗಲಿಲ್ಲ.

ನಮ್ಮ ಊರಿನವರ ಕೈ ಸಾಲದೆ ಬಂದಾಗ ಹೊರಗಿನವರನ್ನು ಕರೆಸುವುದು ಶುರುವಾಯಿತು. ಯಾದಗಿರಿ ಕಡೆಯ ಒಂದು ತಾಂಡಾದಿಂದ ಹದಿನೆಂಟು ಮಂದಿ ಲಂಬಾಣಿ ಹೆಣ್ಣುಮಕ್ಕಳು ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಇಳಿದದ್ದು ಹಾಗೆ. ಅವರ ಮುಂದಾಳು ಸೋನಾಬಾಯಿ. ನನ್ನ ಓರಗೆಯವಳು, ಎತ್ತರದ ಹೆಂಗಸು, ನಗುವುದು ಕಡಿಮೆ. ಐರಣಿ ಹತ್ತಿರ ಹೊಳೆಯ ದಂಡೆಯಲ್ಲಿ ಬಸವಣ್ಣೆಪ್ಪ ಎಂಬ ರೈತರ ಹೊಲದಲ್ಲಿ ಅವರಿಗೆ ತಗಡಿನ ಶೆಡ್ಡು ಹಾಕಿಸಿದೆ. ಅವರ ಮಾತು ಅರ್ಧ ನನ್ನ ಮನೆಯ ಉರ್ದುವಿನ ಕಡೆಗೆ ವಾಲುತ್ತಿದ್ದರಿಂದ ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಉಳಿದದ್ದನ್ನು ಕನ್ನಡದಲ್ಲಿ ಸೋನಾಬಾಯಿ ಹೇಳುತ್ತಿದ್ದಳು.

ಮೊದಲ ವರ್ಷವೇ ಬಳೆಯ ಜಗಳ ಬಂತು. ಮದುವೆಯಾದವರು ಮೊಳಕೈಯಿಂದ ಭುಜದವರೆಗೆ ಅಗಲ ಬಳೆ ತೊಡುತ್ತಿದ್ದರು, ತೋಳಿಗೆ ಕನ್ನಡಿ ಹೊಲಿದ ರವಿಕೆ. ಸಾಲಿನ ನಡುವೆ ನಡೆದರೆ ಬಳೆ ತಾಗಿ ಮೊಗ್ಗು ಉದುರುತ್ತಿತ್ತು. ನಮ್ಮ ಮ್ಯಾನೇಜರ್ ಸಾಹೇಬರು ಧಾರವಾಡದವರು. ಬೀಜವನ್ನು ಬೆರಳಲ್ಲಿ ಹಿಡಿದೇ ಗುಣ ಹೇಳುವಷ್ಟು ತಿಳಿದವರು, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ‘ಮೊಳಕೈ ಮ್ಯಾಲಿನ ಬಳಿ ತಗಸು. ಇಲ್ಲಾಂದ್ರ ಬ್ಯಾರೆ ಗ್ಯಾಂಗ್ ನೋಡು’ ಎಂದುಬಿಟ್ಟರು. ಸೋನಾಬಾಯಿಗೆ ಹೇಳಿದೆ.

‘ಆ ಬಳಿ ತಗಿಯೂದು ಗಂಡ ಸತ್ತಾಗ್ರಿ ಅಣ್ಣಾರ,’ ಎಂದಳು. ‘ಒಂದ ಹತ್ತಿ ಗಿಡದ ಸಲುವಾಗಿ ಇಷ್ಟು ಮಂದಿ ಗಂಡಂದಿರನ್ನ ಸಾಯಿಸೂನೇನು? ಕೇಳ್ರಿ ನಿಮ್ಮ ಸಾಹೇಬ್ರನ್ನ.’

ನಾನು ಕೇಳಲಿಲ್ಲ. ಕೇಳುವ ಕೆಲಸವೂ ಬೀಳಲಿಲ್ಲ. ಭಾನುವಾರ ಕೆಲಸ ಮುಗಿದ ಮೇಲೆ ಅವರೆಲ್ಲ ರಾಣೆಬೆನ್ನೂರಿನ ಸಂತೆಗೆ ಹೋಗಿ ಹಳೇ ಬಟ್ಟೆಯವನ ಹತ್ತಿರ ಗಂಡಸರ ತುಂಬುತೋಳಿನ ಅಂಗಿ ಆರಿಸಿ ತಂದರು. ಸೋಮವಾರ ನೋಡಿದರೆ ಕನ್ನಡಿಯೂ ಇಲ್ಲ, ಬಳೆಯೂ ಇಲ್ಲ. ಎಲ್ಲ ಅಂಗಿಯೊಳಗೆ, ಮುಂಗೈಯ ಗುಂಡಿ ಹಾಕಿಕೊಂಡು. ಸಾಹೇಬರು ಬಂದು ಸಾಲಿನುದ್ದಕ್ಕೂ ನೋಡಿ ಏನೂ ಹೇಳದೆ ಹೋದರು. ಮುಂದಿನ ವರ್ಷದ ಸೂಚನಾ ಪತ್ರದಲ್ಲಿ ‘ಕೆಲಸಗಾರರಿಗೆ ತುಂಬುತೋಳಿನ ಅಂಗಿ ಕಡ್ಡಾಯ’ ಎಂದು ಅಚ್ಚಾಗಿತ್ತು, ಆ ಬುದ್ಧಿ ಯಾರದೆಂದು ಮಾತ್ರ ಇರಲಿಲ್ಲ.

ಹೀಗೆ ಅವರು ಬಗ್ಗುವ ಕಡೆ ಬಗ್ಗಿದರು, ಬಗ್ಗದ ಕಡೆ ಉಪಾಯ ಮಾಡಿದರು. ಹೊಳೆಯ ಕಡೆಯವರ ಖಡಕ್ ರೊಟ್ಟಿ ಕಲಿತರು, ಬಸವಣ್ಣೆಪ್ಪನ ಹೆಂಡತಿಗೆ ತಮ್ಮ ಹೊಲಿಗೆ ಕಲಿಸಿದರು. ಕ್ರಾಸಿಂಗ್ ಮುಗಿದ ಮೇಲೆ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವ ಕೆಲಸ ಮಾಡಿ, ಯುಗಾದಿಯ ಹೊತ್ತಿಗೆ ತಾಂಡಾಕ್ಕೆ ಮರಳುತ್ತಿದ್ದರು. ಮೂರನೆಯ ವರ್ಷದಲ್ಲಿ ಆದದ್ದನ್ನು ಹೇಳುವುದಕ್ಕೇ ನಾನು ಇಷ್ಟು ಪೀಠಿಕೆ ಹಾಕಿದ್ದು.

ದೀಪಾವಳಿಗೆ ಎರಡು ದಿನ ಇತ್ತು. ಸೋನಾಬಾಯಿ ಶೆಡ್ಡಿನ ಮುಂದೆ ನನ್ನನ್ನು ತಡೆದಳು.

‘ಊರಿಗೆ ಹೋಗಾಕ ಬರೂದಿಲ್ಲಂತ ಗೊತ್ತೈತ್ರಿ. ಆದ್ರ ಹುಡಿಗ್ಯಾರಿಗೆ ಹೂವರ ಬೇಕಲ್ರಿ.’

ಅವರ ಪದ್ಧತಿ ಹೀಗೆ. ದೀಪಾವಳಿಯ ಪಾಡ್ಯದ ದಿನ ಮದುವೆಯಾಗದ ಹುಡುಗಿಯರೆಲ್ಲ ಸೇರಿ ಹಾಡು ಹೇಳುತ್ತ ಅಡವಿಗೆ ಹೋಗಿ ಹೂವು ಹರಿದು ತರುತ್ತಾರೆ. ಪ್ರತಿ ಮನೆಯ ಮುಂದೆ ಸಗಣಿಯ ಗುಡ್ಡೆ ಇಟ್ಟು, ಅದಕ್ಕೆ ಆ ಹೂವು ಸಿಗಿಸಿ ಪೂಜೆ ಮಾಡುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಅದು ತವರಿನಲ್ಲಿ ಹರಿಯುವ ಕೊನೆಯ ಹೂವು. ಅವಳನ್ನು ಅಪ್ಪಿಕೊಂಡು ಎಲ್ಲರೂ ಅಳುತ್ತಾರಂತೆ. ಆ ವರ್ಷ ಸೋನಾಬಾಯಿಯ ಮಗಳು ಶಾಂತಿಯ ಮದುವೆ ಯುಗಾದಿಯಾದ ಮೇಲೆ ಎಂದು ಗೊತ್ತಾಗಿತ್ತು. ಆದರೆ ಹೊಳೆದಂಡೆಯಲ್ಲಿ ಎಲ್ಲಿ ನೋಡಿದರೂ ಹೊಲ. ದೂರದ ಕುರುಚಲು ಕಾಡಿನಲ್ಲಿ ಹೂವಿದ್ದರೂ ಅರಣ್ಯದವರು ಒಳಗೆ ಬಿಡುವುದಿಲ್ಲ.

ನನಗೆ ಪಾಪವೆನಿಸಿತು. ಉದಾರಿಯಾಗುವ ಹುಕಿಯೂ ಬಂತು. ‘ನಮ್ಮ ಗಂಡು ಸಾಲಿನ ಹೂವು ಹಳದೀನ ಅದಾವಲ್ಲ, ಅವನ್ನ ಹರಕೋರಿ. ಹೆಂಗೂ ಹಂಗಾಮ ಮುಗಿದ ಮ್ಯಾಲೆ ಕಿತ್ತ ಒಗಿಯೂ ಗಿಡ’ ಎಂದೆ.

‘ಸಾಹೇಬ್ರು ಏನೂ ಅನ್ನೂದಿಲ್ಲಲ್ರಿ?’

‘ನಾ ಅದೇನಿ, ಚಿಂತಿ ಬ್ಯಾಡ.’

ನನ್ನ ತಲೆಯಲ್ಲಿ ಇದ್ದದ್ದು ರಾಣೆಬೆನ್ನೂರು ಪೇಟೆಯ ದೀಪಾವಳಿ. ಅಂಗಡಿಯವರು ಸಂಜೆ ಪೂಜೆ ಮಾಡಿ ಪೇಡೆ ಕೊಡುವುದನ್ನು ನೋಡಿದ್ದೇನೆ, ತಿಂದಿದ್ದೇನೆ. ಇವರೂ ಕೆಲಸ ಮುಗಿಸಿ ಸಂಜೆ ಬಾಡುವ ಹೂವು ಹರಿದುಕೊಳ್ಳುತ್ತಾರೆ ಎಂದುಕೊಂಡೆ. ಯಾವ ಹೊತ್ತಿಗೆ ಎಂದು ಒಂದು ಮಾತು ಕೇಳಲಿಲ್ಲ. ಸೋನಾಬಾಯಿಗಾದರೋ ಬೆಳಿಗ್ಗೆ ಗಂಡು ಹೂವು ಬೇಕೆಂಬುದು ಗೊತ್ತೇ ಇತ್ತು. ಆದರೆ ಹೂವು ಕಡಿಮೆ ಬಿದ್ದ ದಿನ ನಾನು ಬೇರೆ ಊರಿನ ಹೊಲದಿಂದ ಬುಟ್ಟಿಯಲ್ಲಿ ತಂದುಕೊಡುವುದಿತ್ತು. ಅಂದೂ ಹಾಗೆಯೇ ತರುತ್ತಾನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳಿದ ಎಂದು ಅವಳು ತಿಳಿದಳು. ತಪ್ಪು ಪೂರಾ ನನ್ನದು.

ಪಾಡ್ಯದ ದಿನ ಏಳೂವರೆಗೆ ಹೊಲಕ್ಕೆ ಹೋದೆ. ಶೆಡ್ಡಿನ ಮುಂದೆ ಸಾರಿಸಿ, ಸಾಲಾಗಿ ಸಗಣಿಯ ಗುಡ್ಡೆ ಇಟ್ಟಿದ್ದರು. ಪ್ರತಿಯೊಂದರ ಮೇಲೂ ಹಳದಿ ಹೂವು, ಬುಡದಲ್ಲಿ ಕೆಂಪು ಮಚ್ಚೆ, ಬಿಸಿಲಿಗೆ ಆಗತಾನೆ ಬಿಚ್ಚಿಕೊಳ್ಳುತ್ತಿದ್ದವು. ನಸುಕಿನಲ್ಲೇ ಎದ್ದು ಹಾಡುತ್ತ ಹರಿದಿದ್ದರು. ಹುಡುಗಿಯರು ಶಾಂತಿಯ ಕೊರಳಿಗೆ ಬಿದ್ದು ಹಾಡುತ್ತಲೇ ಇದ್ದರು. ಅಷ್ಟು ಚೆಂದದ್ದನ್ನು ನಾನು ಹೊಲದಲ್ಲಿ ನೋಡಿರಲಿಲ್ಲ. ಮರುಕ್ಷಣ ಗಂಡು ಸಾಲಿನ ಕಡೆ ತಿರುಗಿದೆ. ಹಸಿರು ಬಿಟ್ಟರೆ ಏನೂ ಇಲ್ಲ. ಆ ಕಡೆ ಹೆಣ್ಣು ಸಾಲಿನಲ್ಲಿ ನಿನ್ನೆ ತೊಡಿಸಿದ ಕೆಂಪು ಟೊಪ್ಪಿಗೆಗಳು ಹೊಲದ ತುಂಬ ಕಾಯುತ್ತಿದ್ದವು. ಬೈಕಿನ ಹಿಂದೆ ಬುಟ್ಟಿ ಇಲ್ಲದ್ದನ್ನು ಸೋನಾಬಾಯಿ ನೋಡಿದಳು, ನನ್ನ ಮುಖವನ್ನೂ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

ಬೇರೆಲ್ಲಿಂದಾದರೂ ಹೂವು ತರೋಣವೆಂದರೆ, ಅದೇ ಜಾತಿಯ ಗಂಡು ಸಾಲಿದ್ದ ಹೊಲಗಳಲ್ಲಿ ಅಷ್ಟೊತ್ತಿಗೆ ಹರಿದಾಗಿರುತ್ತದೆ. ನಾನು ಯೋಚಿಸುತ್ತ ನಿಂತಾಗಲೇ ಸಾಹೇಬರ ಜೀಪು ಬಂತು. ಅಂದು ಅವರು ಬರುವುದು ಮೊದಲೇ ಗೊತ್ತಿತ್ತು.

‘ಗಂಡು ಸಾಲಿನ್ಯಾಗ ಒಂದ ಹೂವಿಲ್ಲಲ್ಲ. ಏನಿದು ಖಾದರ್?’

ನಾನು ಸಗಣಿಯ ಗುಡ್ಡೆಗಳ ಕಡೆ ನೋಡಿದೆ.

‘ಯಾರ ಹರದ್ರು? ಯಾರ ಹರೀರಿ ಅಂದ್ರು?’

ಈ ಎರಡನೆಯ ಪ್ರಶ್ನೆಗೆ ಉತ್ತರ ಒಂದೇ ಮಾತು, ‘ನಾನು’. ಆಗ ನನ್ನ ಕೆಲಸ ಕಾಯಂ ಆಗಿರಲಿಲ್ಲ, ವರ್ಷಕ್ಕೊಮ್ಮೆ ಸಾಹೇಬರು ಬರೆದರೆ ಮುಂದುವರಿಯುವಂಥದ್ದು. ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಬಾಯಿ ಬರಲಿಲ್ಲ. ಸೋನಾಬಾಯಿ ನನ್ನನ್ನು ಒಮ್ಮೆ ನೋಡಿ ಮುಂದೆ ಬಂದಳು.

‘ನಾವ ಹರದೇವ್ರಿ. ನಮಗ ತಿಳೀಲಿಲ್ರಿ.’

‘ಮೂರ ವರ್ಷ ಆತು ಬಂದು, ತಿಳಿಯೂದಿಲ್ಲ? ಖಾದರ್, ಸಂಜಿ ರೈಲಿಗೆ ಇವರನ್ನ ಹತ್ತಸು. ಇನ್ನ ಮ್ಯಾಲೆ ನಮ್ಮ ಯಾವ ಹೊಲದಾಗೂ ಈ ಗ್ಯಾಂಗ್ ಬ್ಯಾಡ.’

ಹಾಡು ನಿಂತಿತು. ಸಾಹೇಬರ ಮಾತೆಂದರೆ ಬರೀ ಒಂದು ಹೊಲದ ಮಾತಲ್ಲ. ಈ ಕಂಪನಿಯಲ್ಲಿ ಬೇಡವಾದ ಗ್ಯಾಂಗನ್ನು ಉಳಿದವರೂ ಕರೆಯುತ್ತಿರಲಿಲ್ಲ. ಹದಿನೆಂಟು ಮನೆಗಳಿಗೆ ವರ್ಷದ ಅರ್ಧ ಹೊಟ್ಟೆಪಾಡು ಅಲ್ಲಿಗೆ ಮುಗಿದಂತೆ. ನನ್ನ ಒಂದು ಮಾತಿನಿಂದ ಅದು ಉಳಿಯುತ್ತಿತ್ತು. ನಾನು ಆಗಲೂ ಆಡಲಿಲ್ಲ.

‘ಹೋಗೂದು ಸಂಜಿಗಲ್ರಿ?’ ಸೋನಾಬಾಯಿ ಕೇಳಿದಳು. ‘ಹನ್ನೊಂದೂವರಿ ತನಕಾ ಕೆಲಸ ಮಾಡಿ ಹೋಗತೇವ್ರಿ.’

ಸಾಹೇಬರಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಅವಳು ಒಂದು ಬುಟ್ಟಿ ತೆಗೆದುಕೊಂಡು ತನ್ನ ಬಾಗಿಲ ಮುಂದಿನ ಗುಡ್ಡೆಯ ಹತ್ತಿರ ಹೋಗಿ ಕುಳಿತಳು. ಕೈ ಮುಗಿದಳು. ಒಂದೊಂದಾಗಿ ಹೂವು ತೆಗೆದು ಬುಟ್ಟಿಗೆ ಹಾಕತೊಡಗಿದಳು. ನಸುಕಿನಲ್ಲಿ ಹರಿದ ಹೂವು ಎಂಟು ಗಂಟೆಗೆ ಸರಿಯಾಗಿ ಅರಳಿ ಪರಾಗ ಬಿಟ್ಟಿತ್ತು. ದೇಟು ಮಾತ್ರ ಸಗಣಿಯಲ್ಲಿ, ಹೂವಿಗೆ ಏನೂ ತಾಗಿರಲಿಲ್ಲ. ನನಗೂ ಅದು ಹೊಳೆದಿರಬೇಕಿತ್ತು. ಹೊಳೆದಿದ್ದರೂ ಪೂಜೆಗೆ ಇಟ್ಟ ಹೂವನ್ನು ಕೇಳಲು ನನಗೆ ಯಾವ ಮುಖವಿತ್ತು?

ಶಾಂತಿ ಓಡಿಬಂದು ತಾಯಿಯ ಕೈ ಹಿಡಿದಳು. ತಮ್ಮ ಭಾಷೆಯಲ್ಲಿ ಏನೋ ಅಂದಳು. ಅರ್ಧ ತಿಳಿಯಿತು, ಉಳಿದರ್ಧ ತಿಳಿಯಬೇಕಾಗಿರಲಿಲ್ಲ. ಇದು ನನ್ನ ಕೊನೆಯ ಹೂವು, ಪೂಜೆಯಾದರೂ ಆಗಲಿ ಎಂದು ಅವಳು. ನನಗೆ ಗೊತ್ತಿಲ್ಲವೇ ಎಂದು ತಾಯಿ. ಆಮೇಲೆ ಶಾಂತಿ ಕೈ ಬಿಟ್ಟು, ತಾನೇ ಕುಳಿತು ಉಳಿದ ಹೂವು ತೆಗೆದಳು. ಅದನ್ನು ನೋಡಿ ಉಳಿದ ಹುಡುಗಿಯರೂ ತಮ್ಮ ತಮ್ಮ ಗುಡ್ಡೆಯ ಮುಂದೆ ಕುಳಿತರು.

ಅಂದಿನಂಥ ಕ್ರಾಸಿಂಗ್ ನಾನು ಮತ್ತೆ ನೋಡಲಿಲ್ಲ. ಮಾತಿಲ್ಲ, ಹಾಡಿಲ್ಲ. ಒಂದು ಗಂಡು ಹೂವಿಗೆ ನಾಲ್ಕು, ಐದು, ಕೊನೆಕೊನೆಗೆ ಆರು ಟೊಪ್ಪಿಗೆ ತೆಗೆದರು. ಹನ್ನೊಂದು ಗಂಟೆಗೆಲ್ಲ ಕಡೆಯ ಸಾಲಿಗೆ ದಾರ ಬಿತ್ತು. ಬಸವಣ್ಣೆಪ್ಪ ಬದುವಿನ ಮೇಲೆ ಕುಳಿತವರು ಎದ್ದು ಎಲ್ಲರಿಗೂ ನೀರು ತಂದು ಕೊಟ್ಟರು. ಸಾಹೇಬರು ಇಡೀ ಹೊತ್ತು ನೆರಳಿಗೆ ಹೋಗದೆ ನಿಂತಿದ್ದರು. ಗುಡ್ಡೆಯ ಹೂವು ತೆಗೆಸುವ ಉಪಾಯ ನನ್ನದೆಂದು ತಿಳಿದು, ಹೊರಡುವಾಗ ನನ್ನ ಭುಜ ತಟ್ಟಿದರು.

‘ಶಾಭಾಸ್ ಖಾದರ್. ಛಲೋ ತಲಿ ಓಡಿಸಿದಿ. ಇರಲಿ, ಈ ಗ್ಯಾಂಗ್ ಇರಲಿ.’

ನಾನು ‘ಹ್ಞೂಂರಿ ಸಾಹೇಬ್ರ’ ಎಂದೆ. ಹದಿನೆಂಟು ಜನ ಕೇಳಿಸಿಕೊಂಡರು. ಇಷ್ಟು ವರ್ಷದ ಕೆಲಸದಲ್ಲಿ ನಾನು ಆಡಿದ ಅತಿ ಹೊಲಸು ಮಾತು ಅದು. ಬೈಗುಳದಲ್ಲಿ ಕೂಡ ಅಷ್ಟು ಹೊಲಸು ಇರುವುದಿಲ್ಲ.

ಮಧ್ಯಾಹ್ನ ಬೀಜ ಪ್ರಮಾಣೀಕರಣದ ಕಾಗದವನ್ನು ಅಧಿಕಾರಿಯ ಮನೆಗೆ ಮುಟ್ಟಿಸಲು ಹಾವೇರಿಗೆ ಹೋಗಬೇಕಿತ್ತು. ಬರುವಾಗ ಪೇಟೆಯಲ್ಲಿ ಚೆಂಡುಹೂವು ಒಂದು ಚೀಲ ಕೊಂಡು, ಬೈಕಿಗೆ ಕಟ್ಟಿಕೊಂಡು ನೇರ ಶೆಡ್ಡಿಗೆ ಬಂದೆ. ಸೋನಾಬಾಯಿ ಚೀಲ ತೆಗೆದುಕೊಂಡಳು. ‘ಬಾಗಲಕ್ಕ ಕಟ್ಟತೇವ್ರಿ. ಪೂಜಾಕ್ಕ ಬರೂದಿಲ್ಲ ಅಣ್ಣಾರ, ಕೊಂಡದ್ದು ನಡಿಯೂದಿಲ್ಲ. ಹುಡಿಗಿ ಕೈಲೆ ಹರದದ್ದ ಆಗಬೇಕು’ ಎಂದಳು. ಸಿಟ್ಟಿಲ್ಲದೆ ಹೇಳಿದಳು. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಶಾಂತಿ ಹೊರಗೆ ಬರಲಿಲ್ಲ.

ಮರುವರ್ಷ ಅವರು ಬಂದಾಗ ಸೋನಾಬಾಯಿಯ ಗಂಟಿನಲ್ಲಿ ಚೆಂಡುಹೂವಿನ ಬೀಜವಿತ್ತು. ಶೆಡ್ಡಿನೊಳಗೆ ಸಾಮಾನು ಇಡುವ ಮೊದಲೇ ಬಸವಣ್ಣೆಪ್ಪನನ್ನು ಕೇಳಿ ಬದುವಿನುದ್ದಕ್ಕೂ ಹಾಕಿದಳು. ದೀಪಾವಳಿಗೆ ಹೊಲದ ಸುತ್ತ ಹಳದಿ ನಿಂತಿತ್ತು, ಹುಡುಗಿಯರು ತಮ್ಮ ಕೈಯಿಂದಲೇ ಹರಿದರು. ಹತ್ತಿಗೆ ಬರುವ ಕಾಯಿಕೊರಕ ಹುಳು ಚೆಂಡುಹೂವಿಗೆ ಹೋಗಿ ಕೂರುತ್ತದೆಂದು ಸಾಹೇಬರು ಆ ಬದುವನ್ನು ಬಹಳ ಮೆಚ್ಚಿ, ಎಲ್ಲ ಹೊಲಗಳಿಗೂ ಹಾಕಿಸಲು ಹೇಳಿದರು. ‘ಇದು ಸೋನಾಬಾಯಿ ಹಚ್ಚಿದ್ರಿ, ನಾ ಅಲ್ಲ’ ಎಂದು ಈ ಸಲ ಬಾಯಿಬಿಟ್ಟೆ. ಹಿಂದಿನ ವರ್ಷದ್ದನ್ನು ಆಗಲೂ ಹೇಳಲಿಲ್ಲ. ಆದರೆ ಆ ಹೂವು ಹರಿಯಲು ಶಾಂತಿ ಇರಲಿಲ್ಲ. ಅವಳು ಗಂಡನ ಮನೆಗೆ ಹೋಗಿದ್ದಳು.

ಆಮೇಲೆ ಬಹಳ ಬದಲಾಯಿತು. ಸುಲಿಯುವ ಗೋಜೇ ಇಲ್ಲದ ಹೆಣ್ಣು ತಳಿ ಬಂತು, ಬಲೆಯ ಮನೆಯಲ್ಲಿ ಟೊಮೆಟೊ ಬಂತು, ಹಾಜರಿ ಮೊಬೈಲಿನ ಫೋಟೊದಲ್ಲಿ ಬಂತು. ಈಗ ಒಡಿಶಾ, ಝಾರ್ಖಂಡ್ ಕಡೆಯವರೂ ಬರುತ್ತಾರೆ. ಸಲ್ಮಾ, ಅವರು ಬಂದ ದಿನ ತಳಿಯ ಹೆಸರು ಕಲಿಸುವ ಮೊದಲು ಅವರ ಹಬ್ಬ ಯಾವುದು, ಯಾವ ಹೊತ್ತಿಗೆ, ಅದಕ್ಕೆ ಏನೇನು ಬೇಕು ಎಂದು ಕೇಳಿ ಬರೆದುಕೋ. ನನ್ನ ಡೈರಿಯಲ್ಲಿ ಆ ಪುಟ ತಡವಾಗಿ ಶುರುವಾಯಿತು. ಸೋನಾಬಾಯಿ ಮಂಡಿನೋವಿನಿಂದಾಗಿ ಬರುವುದನ್ನು ಬಿಟ್ಟಳು. ಗ್ಯಾಂಗು ಬೇರೆ ಜಿಲ್ಲೆಯ ಕಡೆ ತಿರುಗಿತೆಂದು ಕೇಳಿದೆ. ಸಾಹೇಬರು ನಿವೃತ್ತರಾದರು. ಯಾರಿಗೆ ಹೇಳಬೇಕಿತ್ತೋ ಅವರೆಲ್ಲ ದೂರವಾದರು, ಮಾತು ನನ್ನಲ್ಲೇ ಉಳಿಯಿತು.

ನಿವೃತ್ತನಾದ ಮೇಲೆ ಮನೆಗೆ ವರ್ಷದ ಖಾರಕ್ಕೆಂದು ಬ್ಯಾಡಗಿಗೆ ಹೋಗಿದ್ದೆ. ಸುಗ್ಗಿಯ ದಿನ, ಊರಿಗೆ ಊರೇ ಸೀನುತ್ತಿತ್ತು. ಒಂದು ಗೋದಾಮಿನ ಮುಂದೆ ಹೆಣ್ಣುಮಕ್ಕಳ ಗುಂಪು ಮೂಗಿಗೆ ಬಟ್ಟೆ ಕಟ್ಟಿಕೊಂಡು ತುಂಬು ಮುರಿಯುತ್ತಿತ್ತು. ‘ಕಾಕಾ’ ಎಂದು ಯಾರೋ ಕರೆದರು. ಬಟ್ಟೆ ಸರಿಸಿದಾಗ ಗುರುತು ಸಿಕ್ಕಿತು. ಶಾಂತಿ. ಮೈ ತುಂಬಿಕೊಂಡಿತ್ತು, ಈಗ ಗುಂಪಿಗೆ ಅವಳೇ ಮುಂದಾಳು. ತುಂಬುತೋಳಿನ ಅಂಗಿ ಹಾಕಿದ್ದಳು. ತಾಯಿ ಚೆನ್ನಾಗಿದ್ದಾಳೆ, ಕೋಳಿ ಸಾಕಿದ್ದಾಳೆ ಎಂದಳು. ಚಹಾ ತರಿಸಿದಳು. ಚೀಲದ ಮೇಲೆ ಕುಳಿತು ಅರ್ಧ ಕುಡಿದು, ಇಷ್ಟು ವರ್ಷ ತಡೆದದ್ದನ್ನು ಹೇಳಿಬಿಟ್ಟೆ.

‘ಅವತ್ತು ಹೂವ ಹರಕೋರಿ ಅಂದಾಂವ ನಾನವಾ. ಸಾಹೇಬ್ರು ಕೇಳಿದಾಗ ಬಾಯಿ ಬಿಡಲಿಲ್ಲ.’

ಅವಳ ಕೈ ನಿಲ್ಲಲಿಲ್ಲ, ತುಂಬು ಮುರಿಯುತ್ತಲೇ ಇತ್ತು.

‘ಗೊತ್ತೈತಿ ಕಾಕಾ. ಅವ್ವ ಅವತ್ತ ಹೇಳಿದ್ಲು. ನಾವು ಹೋದ್ರ ಎಲ್ಲೆರ ಇನ್ನೊಂದ ಹೊಲ ಹುಡಕೂಣು, ಆ ಮನಷ್ಯಾ ಹೋದ್ರ ನಮಗ ಹೂವ ಹರಕೋರಿ ಅನ್ನಾವ್ರು ಇಲ್ಲಿ ಯಾರದಾರ ಅಂದ್ಲು.’

ಬ್ಯಾಡಗಿಯಲ್ಲಿ ಸುಗ್ಗಿಯ ದಿನ ಯಾರ ಕಣ್ಣಲ್ಲಿ ನೀರು ಬಂದರೂ ಯಾಕೆಂದು ಕೇಳುವವರಿಲ್ಲ. ನನಗೆ ಅದು ಅನುಕೂಲವಾಯಿತು.

‘ಅವ್ವಗ ಸಿಟ್ಟಿರಲಿಲ್ಲ,’ ಎಂದಳು ಶಾಂತಿ. ‘ನನಗಿತ್ತು. ಅದು ನನ್ನ ಕಡೀ ಹೂವ ಇತ್ತಲ್ಲ ಕಾಕಾ.’

‘ಈಗೂ ಐತೇನವಾ?’

ಅವಳು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ರಾಶಿಗೆ ಹಾಕಿ ನನ್ನ ಕಡೆ ನೋಡಿದಳು.

‘ಸ್ವಲ್ಪ ಐತಿ.’

ನಾನು ತಲೆಯಾಡಿಸಿದೆ. ಅಷ್ಟು ಇರಬೇಕಾದದ್ದೇ.